ದೊರೆಸಾನಿ ಬಿಟ್ಟುಹೋದ ಬೈಬಲ್: ಆಕೆ ಯಾರೆಂದು ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮ ಮುತ್ತಾತ ಕೆಜಿಎಫ್‌ನಲ್ಲಿ ಗಣಿಯ ಒಬ್ಬ ದೊರೆಯ ಬಂಗಲೆಯಲ್ಲಿ ಬಟ್ಲರ್ ಆಗಿದ್ದರು. ದೊರೆಸಾನಿ ತಮ್ಮ ಊರಿಗೆ ವಾಪಸ್ ಹೊರಟಾಗ ಅವರ ಕೈಗೆ ಒಂದು ಬೈಬಲ್ ಕೊಟ್ಟು ಹೋದರಂತೆ. ಅದು ಈಗಲೂ ನಮ್ಮ ಮನೆಯಲ್ಲಿದೆ. ಮೊದಲ ಹಾಳೆಯಲ್ಲಿ ಎಲಿಜಬೆತ್ ಅಂತ ಹೆಸರು, ಜೊತೆಗೆ ಮನೆತನದ ಹೆಸರು, ಕೆಳಗೆ ‘ಅಮ್ಮನಿಂದ, ಕ್ಯಾಂಬರ್ನ್, 1889’ ಅಂತ ಇಂಗ್ಲಿಷಿನಲ್ಲಿ ಬರೆದಿದೆ. ನಡುವಿನ ಒಂದು ಹಾಳೆಯಲ್ಲಿ ಮೂರು ಮಕ್ಕಳ ಹೆಸರು, ಹುಟ್ಟಿದ ತಾರೀಖು ಇವೆ. ಮೂರೂ 1890ರ ದಶಕದ್ದು. ಮೂರನೆಯ ಹೆಸರಿನ ಪಕ್ಕ ಒಂದು ಶಿಲುಬೆ ಗುರುತಿದೆ. ಆಕೆ ಯಾರು, ಇಲ್ಲಿಂದ ಹೋದಮೇಲೆ ಏನಾದರು ಅಂತ ತಿಳಿಯಬಹುದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ತಿಳಿಯಬಹುದು. ನನ್ನ ಹತ್ತಿರ ಬರುವ ಹೆಚ್ಚಿನವರ ಕೈಯಲ್ಲಿ ಬರೀ ಒಂದು ಹೆಸರಿರುತ್ತದೆ. ನಿಮ್ಮ ಹತ್ತಿರ ಹೆಸರು, ಊರು, ವರ್ಷ, ಮೂರು ಮಕ್ಕಳು ಇದ್ದಾರೆ. ಅವತ್ತು ತಾಯಿ ಬದುಕಿದ್ದಳು ಅನ್ನುವುದೂ ಗೊತ್ತಿದೆ. ಇದು ದೊಡ್ಡ ಆಸ್ತಿ.

ಮೊದಲು ಆ ಬೈಬಲ್ಲನ್ನೇ ಕಿಟಕಿ ಬೆಳಕಿನಲ್ಲಿ ನಿಧಾನವಾಗಿ ನೋಡಿ. ಅಚ್ಚಾದ ವರ್ಷ ಎಷ್ಟು? ಮಕ್ಕಳ ಮೂರು ಸಾಲುಗಳ ಶಾಯಿ ಬೇರೆ ಬೇರೆ ಇದೆಯಾ, ಒಂದೇ ಇದೆಯಾ? ಬೇರೆ ಬೇರೆ ಇದ್ದರೆ ಮಗು ಹುಟ್ಟಿದಾಗಲೆಲ್ಲ ಕೂತು ಬರೆದಿದ್ದಾಳೆ, ತಾರೀಖನ್ನು ನಂಬಬಹುದು. ಮೂರೂ ಒಂದೇ ಶಾಯಿ, ಒಂದೇ ಓಟದ ಅಕ್ಷರ ಆಗಿದ್ದರೆ ಆಮೇಲೆ ನೆನಪಿನಿಂದ ಬರೆದದ್ದು. ಆಗ ಒಂದೆರಡು ದಿನ, ಕೆಲವೊಮ್ಮೆ ಒಂದು ವರ್ಷವೇ ಹೆಚ್ಚು ಕಡಿಮೆ ಆಗಿರಬಹುದು. ಎಲ್ಲ ಹಾಳೆಗಳ ಫೋಟೊ ತೆಗೆಯಿರಿ, ಖಾಲಿ ಹಾಳೆಯದ್ದೂ. ಪೆನ್ಸಿಲ್ ಬರಹ ಕಣ್ಣಿಗೆ ಕಾಣದೆ ಫೋಟೊದಲ್ಲಿ ಕಂಡದ್ದಿದೆ. ಹರಿದ ಕಡೆ ದಯವಿಟ್ಟು ಸೆಲ್ಲೋಟೇಪ್ ಅಂಟಿಸಬೇಡಿ.

ಈಗ ಮುಖ್ಯ ವಿಷಯ. ಆ ಮನೆತನದ ಹೆಸರು ತವರಿನದೋ, ಗಂಡನದೋ? ಕೊಟ್ಟದ್ದು ತಾಯಿ. ಮದುವೆಗೆ ಮೊದಲು ಕೊಟ್ಟಿದ್ದರೆ ತವರಿನ ಹೆಸರು. ಮದುವೆಯಾಗಿ ಹಡಗು ಹತ್ತುವಾಗ ಕೊಟ್ಟಿದ್ದರೆ ಗಂಡನ ಹೆಸರು. ಇದನ್ನು ಈಗಲೇ ತೀರ್ಮಾನ ಮಾಡಬೇಡಿ. ಎರಡೂ ದಾರಿ ತೆರೆದಿಟ್ಟುಕೊಂಡೇ ಹುಡುಕಬೇಕು.

ವಿಕ್ಟೋರಿಯಾ ರಾಣಿ ಕಾಲದ ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳು ಕಾಗದದಿಂದ ಕಾಣೆಯಾಗುವುದು ಇಲ್ಲೇ, ಮದುವೆಯ ಹೊಸಿಲಲ್ಲಿ. ಒಳಗೆ ಹೋದವಳು ಒಬ್ಬಳು, ಹೊರಗೆ ಬರುವವಳು ಇನ್ನೊಬ್ಬಳು. ದಾಖಲೆ ಬರೆದವರೂ ಗಂಡಸರ ಲೆಕ್ಕದಲ್ಲೇ ಬರೆದರು. ಮದುವೆಯ ಸರ್ಟಿಫಿಕೇಟ್ ನೋಡಿ: ವರನ ತಂದೆ, ತಂದೆಯ ಕಸುಬು, ವಧುವಿನ ತಂದೆ, ತಂದೆಯ ಕಸುಬು. ಹೆತ್ತ ತಾಯಿಗೆ ಒಂದು ಕಾಲಂ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1837ರಿಂದ ನಡೆದುಬಂದ ಈ ಪದ್ಧತಿ ಬದಲಾದದ್ದು 2021ರ ಮೇ ತಿಂಗಳಲ್ಲಿ! ನೂರ ಎಂಬತ್ತಮೂರು ವರ್ಷ ತಾಯಂದಿರು ಮಗಳ ಮದುವೆಯ ಕಾಗದದಲ್ಲಿ ಇರಲೇ ಇಲ್ಲ. ಹಾಗಾಗಿ ಎಲಿಜಬೆತ್ತಳನ್ನು ನೇರವಾಗಿ ಹುಡುಕಿದರೆ ಸಿಗುವುದು ಕಷ್ಟ. ಆಕೆಯ ಅಕ್ಕಪಕ್ಕ ಇದ್ದವರನ್ನು ಹುಡುಕಿ. ಮಕ್ಕಳು, ಅಣ್ಣತಮ್ಮಂದಿರು, ಮದುವೆಗೆ ಸಾಕ್ಷಿ ಹಾಕಿದವರು, ಪಕ್ಕದ ಮನೆಯವರು. ಆಕೆ ಅವರ ನಡುವೆ ನಿಂತಿರುತ್ತಾಳೆ.

ನಿಮ್ಮ ವಿಷಯದಲ್ಲಿ ಆ ಮೂರು ಮಕ್ಕಳೇ ದಾರಿದೀಪ. ಹೇಗೆ ಅಂತ ಹೇಳುತ್ತೇನೆ.

ಕ್ಯಾಂಬರ್ನ್ ಇರುವುದು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ. ತವರ, ತಾಮ್ರದ ಗಣಿಗಳ ಊರು. ಡಾಲ್ಕೋತ್ ಗಣಿ ಇದ್ದದ್ದು ಅಲ್ಲೇ. 1860ರ ದಶಕದಲ್ಲಿ ತಾಮ್ರದ ಬೆಲೆ ಬಿದ್ದು ಗಣಿಗಳು ಒಂದೊಂದಾಗಿ ಮುಚ್ಚಿದವು. ಅಲ್ಲಿನ ಗಣಿಗಾರರು ದಕ್ಷಿಣ ಆಸ್ಟ್ರೇಲಿಯಾ, ಮಿಶಿಗನ್, ದಕ್ಷಿಣ ಆಫ್ರಿಕಾ ಅಂತ ಹೊರಟರು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಗಣಿಗಳ ಆಡಳಿತ ನಡೆಸಲು ಶುರುಮಾಡಿದಾಗ ಕಾರ್ನ್‌ವಾಲ್‌ನವರು ಇಲ್ಲಿಗೂ ಬಂದರು. ಸಾಮಾನ್ಯವಾಗಿ ಗಂಡಸರು ಮೊದಲು ಬಂದು, ಹೆಂಡತಿಯರು ಆಮೇಲೆ ಬರುತ್ತಿದ್ದರು. ಎಷ್ಟೋ ಹೆಂಡತಿಯರು ಬರಲೇ ಇಲ್ಲ. ಊರಲ್ಲೇ ಕೂತು ಗಂಡ ಕಳಿಸುವ ದುಡ್ಡಿಗೆ ಕಾದರು. ನಿಮ್ಮ ದೊರೆಸಾನಿ ಬಂದವಳು.

ಬಂದವಳು ವಾಪಸ್ ಹೋದಳು ಅಂದಿರಿ. ಅಂದರೆ ಒಂದು ದಿನ ಕ್ಯಾಂಬರ್ನ್‌ನ ಯಾವುದೋ ಬೀದಿಯಲ್ಲಿ, ಇಂಡಿಯಾದಲ್ಲಿ ಹುಟ್ಟಿದ ಮಕ್ಕಳನ್ನು ಕಟ್ಟಿಕೊಂಡು ಒಬ್ಬ ತಾಯಿ ಮನೆ ಮಾಡಿದಳು. ಆ ಮನೆ ಬಾಗಿಲಿಗೆ ಖಾನೇಶುಮಾರಿಯವನು ಬಂದೇ ಬಂದಿರುತ್ತಾನೆ.

ಅಲ್ಲಿನ ಜನಗಣತಿ ಹತ್ತು ವರ್ಷಕ್ಕೊಮ್ಮೆ, ಒಂದೇ ರಾತ್ರಿಯ ಲೆಕ್ಕ. ಆ ರಾತ್ರಿ ಮನೆಯಲ್ಲಿ ಮಲಗಿದವರ ಹೆಸರು ಮಾತ್ರ. ನಿಮಗೆ ಬೇಕಾದವು 1901ರ ಮಾರ್ಚ್ 31 ಮತ್ತು 1911ರ ಏಪ್ರಿಲ್ 2. ಎರಡೂ ಅಂತರ್ಜಾಲದಲ್ಲಿ ಸಿಗುತ್ತವೆ. ದುಡ್ಡು ಕಟ್ಟಿ ನೋಡಬೇಕಾದ ಆನ್ಸೆಸ್ಟ್ರಿ, ಫೈಂಡ್‌ಮೈಪಾಸ್ಟ್ ಜಾಲತಾಣಗಳಿವೆ. ಪುಕ್ಕಟೆ ನೋಡಬಹುದಾದ ಫ್ಯಾಮಿಲಿಸರ್ಚ್ ಇದೆ. ಅಲ್ಲಿ ಎಲಿಜಬೆತ್ ಅಂತ ಹಾಕಬೇಡಿ, ಕ್ಯಾಂಬರ್ನ್‌ನಲ್ಲಿ ಎಲಿಜಬೆತ್‌ಗಳು ರಾಶಿ ಸಿಗುತ್ತಾರೆ. ಮೊದಲ ಮಗುವಿನ ಹೆಸರು, ಹುಟ್ಟಿದ ವರ್ಷ ಹಾಕಿ. ಹುಟ್ಟಿದ ಸ್ಥಳ ಇಂಡಿಯಾ ಅಂತ ಹಾಕಿ. ವಾಸ ಕಾರ್ನ್‌ವಾಲ್ ಅಂತ ಹಾಕಿ. ಮನೆತನದ ಹೆಸರಿನ ಜಾಗ ಖಾಲಿ ಬಿಡಿ. ಬೈಬಲ್ಲಿನಲ್ಲಿರುವುದು ತವರಿನ ಹೆಸರೇ ಆಗಿದ್ದರೆ ಮಕ್ಕಳಿಗೆ ಅದು ಇರುವುದಿಲ್ಲ, ಅಲ್ವಾ? ಮೊದಲ ಮಗು ಸಿಕ್ಕಮೇಲೆ ಅದೇ ಮನೆಯಲ್ಲಿ ಎರಡನೆಯದು ಇದೆಯಾ ನೋಡಿ. ಎರಡೂ ಹೆಸರು, ಎರಡೂ ವಯಸ್ಸು, ಇಂಡಿಯಾದ ಹುಟ್ಟು, ತಾಯಿ ಎಲಿಜಬೆತ್: ಇಷ್ಟು ಒಂದೇ ಮನೆಯಲ್ಲಿ ಕೂಡಿಬಂದರೆ ಆಕೆ ಸಿಕ್ಕಂತೆ. ಗಂಡನ ಮನೆತನದ ಹೆಸರೂ ಸಿಕ್ಕಂತೆ. ಹುಟ್ಟಿದ ಸ್ಥಳವನ್ನು ಇಂಡಿಯಾ, ಈಸ್ಟ್ ಇಂಡೀಸ್, ಮೈಸೂರು, ಕೋಲಾರ, ಮದ್ರಾಸ್ ಹೀಗೆ ಹೇಗೆ ಬೇಕಾದರೂ ಬರೆದಿರಬಹುದು. ಒಂದರಲ್ಲಿ ಸಿಗದಿದ್ದರೆ ಇನ್ನೊಂದು ಹಾಕಿ.

1911ರ ಹಾಳೆ ಸಿಕ್ಕರೆ ಅದನ್ನು ಅವಸರದಲ್ಲಿ ಓದಬೇಡಿ. ಅದಕ್ಕೆ ಹಿಂದಿನ ಗಣತಿಗಳಲ್ಲಿ ನಮಗೆ ಸಿಗುವುದು ಗಣತಿದಾರ ನಕಲು ಮಾಡಿದ ಪುಸ್ತಕ. 1911ರಲ್ಲಿ ಮನೆಯವರು ತಮ್ಮ ಕೈಯಾರೆ ತುಂಬಿದ ಹಾಳೆಯೇ ಉಳಿದಿದೆ. ಮದುವೆಯಾದ ಹೆಂಗಸರಿಗೆ ಆ ವರ್ಷ ನಾಲ್ಕು ಹೊಸ ಪ್ರಶ್ನೆ ಕೇಳಿದರು. ಮದುವೆಯಾಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳು ಎಷ್ಟು, ಅವರಲ್ಲಿ ಈಗ ಇರುವವರು ಎಷ್ಟು, ತೀರಿಹೋದವರು ಎಷ್ಟು. ಸಣ್ಣ ಸಣ್ಣ ಚೌಕಗಳು. ‘ಇಪ್ಪತ್ತು, ಐದು, ನಾಲ್ಕು, ಒಂದು’ ಅಂತ ಅಂಕಿ ಇರುತ್ತದೆ. ಹೆಣ್ಣಿನ ಬದುಕಿನ ಬಗ್ಗೆ ಸರ್ಕಾರ ನೇರವಾಗಿ ಕೇಳಿ ಬರೆಸಿಕೊಂಡ ಸಾಲು ಇದು. ಇಷ್ಟು ವರ್ಷ ಈ ಕೆಲಸ ಮಾಡಿದರೂ ಕೊನೆಯ ಚೌಕದ ಹತ್ತಿರ ನನ್ನ ಕಣ್ಣು ನಿಲ್ಲುತ್ತದೆ. ವಿಧವೆಯರು ಅದನ್ನು ತುಂಬಬೇಕಾಗಿರಲಿಲ್ಲ. ಆದರೂ ಎಷ್ಟೋ ವಿಧವೆಯರು ತುಂಬಿದರು. ಕಚೇರಿಯವರು ಅದರ ಮೇಲೆ ಗೆರೆ ಎಳೆದು ಹೊಡೆದುಹಾಕಿದರು. ಗೆರೆಯ ಕೆಳಗೆ ಅಂಕಿ ಈಗಲೂ ಓದಲು ಬರುತ್ತದೆ.

‘ಮದುವೆಯಾಗಿ ಇಪ್ಪತ್ತು ವರ್ಷ’ ಅಂತಿದ್ದರೆ ಮದುವೆ 1890 ಅಥವಾ 1891ರಲ್ಲಿ. ಹಾಗಿದ್ದರೆ 1889ರ ಬೈಬಲ್ ಮದುವೆಗೆ ಮೊದಲಿನದು, ಅದರಲ್ಲಿರುವುದು ತವರಿನ ಹೆಸರು. ‘ಇಪ್ಪತ್ತೆರಡು’ ಅಂತಿದ್ದರೆ ಬೈಬಲ್ ಮದುವೆಯ ಉಡುಗೊರೆಯೇ ಇರಬಹುದು. ನಾವು ಶುರುವಿನಲ್ಲಿ ಬಿಟ್ಟ ಗಂಟು ಹೀಗೆ ಬಿಚ್ಚಿಕೊಳ್ಳುತ್ತದೆ.

ಇನ್ನೊಂದು ಸೂಕ್ಷ್ಮ. ಮನೆಯ ಮೊದಲ ಸಾಲಿನಲ್ಲೇ ಆಕೆಯ ಹೆಸರಿದ್ದು, ಪಕ್ಕದಲ್ಲಿ ‘ಯಜಮಾನಿ’ ಅಂತ ಇಲ್ಲದೆ ‘ಹೆಂಡತಿ’ ಅಂತ ಇದ್ದರೆ ಗಂಡ ಆ ರಾತ್ರಿ ಮನೆಯಲ್ಲಿರಲಿಲ್ಲ ಅಂತ ಅರ್ಥ. ಸತ್ತಿದ್ದಾನೆ ಅಂತ ಅಲ್ಲ. ಅವನು ಇನ್ನೂ ಕೆಜಿಎಫ್‌ನಲ್ಲೇ ಇದ್ದಿರಬಹುದು.

ಗಂಡನ ಹೆಸರು ಸಿಕ್ಕಮೇಲೆ ಮದುವೆಯ ಕಾಗದ ಹುಡುಕಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರದ ಹುಟ್ಟು, ಮದುವೆ, ಸಾವಿನ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಅದರ ಪಟ್ಟಿಯನ್ನು ಸ್ವಯಂಸೇವಕರು ಫ್ರೀಬಿಎಂಡಿ ಎಂಬ ಜಾಲತಾಣದಲ್ಲಿ ಪುಕ್ಕಟೆ ಹಾಕಿದ್ದಾರೆ. ಇಲ್ಲಿ ಹೊಸಬರು ಎಡವುವ ಕಲ್ಲು ಒಂದಿದೆ. ಕ್ಯಾಂಬರ್ನ್ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಪಟ್ಟಿ ಊರಿನ ಹೆಸರಲ್ಲಿಲ್ಲ, ನೋಂದಣಿ ಜಿಲ್ಲೆಯ ಹೆಸರಲ್ಲಿದೆ. ಕ್ಯಾಂಬರ್ನ್ ಸೇರುವುದು ರೆಡ್ರೂತ್ ಜಿಲ್ಲೆಗೆ, ಸಂಪುಟದ ಗುರುತು ‘5ಸಿ’. ಗಂಡ ಹೆಂಡತಿ ಇಬ್ಬರ ಹೆಸರೂ ಒಂದೇ ತ್ರೈಮಾಸಿಕ, ಒಂದೇ ಸಂಪುಟ, ಒಂದೇ ಪುಟದಲ್ಲಿ ಬರಬೇಕು. ಒಂದೇ ಪುಟದಲ್ಲಿ ಎರಡು ಮೂರು ಜೋಡಿ ಇರುವುದುಂಟು, ಆದ್ದರಿಂದ ಪಟ್ಟಿಯನ್ನು ನಂಬಿ ಕೂರಬೇಡಿ. ಸರ್ಟಿಫಿಕೇಟ್ ತರಿಸಿ.

ಆ ಸರ್ಟಿಫಿಕೇಟ್ ಬಂದಾಗ ಕೆಳಗಿನಿಂದ ಮೇಲಕ್ಕೆ ಓದಿ. ಎಲ್ಲಕ್ಕಿಂತ ಕೆಳಗೆ ಸಾಕ್ಷಿಗಳ ಸಹಿ. ಅಲ್ಲಿ ಆಕೆಯ ಅಕ್ಕನೋ ತಂಗಿಯೋ ತನ್ನ ಗಂಡನ ಮನೆತನದ ಹೆಸರಿನಲ್ಲಿ ಸಹಿ ಹಾಕಿರಬಹುದು. ಅದೊಂದು ಹೊಸ ಬಾಗಿಲು. ಅದರ ಮೇಲೆ ವಧುವರರ ಸಹಿ. ಸಹಿ ಜಾಗದಲ್ಲಿ ಗುಣಾಕಾರ ಚಿಹ್ನೆ ಇದ್ದರೆ ನಮ್ಮ ಹೆಬ್ಬೆಟ್ಟಿನ ಹಾಗೆ. 1840ರ ಸುಮಾರಿನಲ್ಲಿ ಇಂಗ್ಲೆಂಡಿನ ವಧುಗಳಲ್ಲಿ ಹತ್ತಿರ ಹತ್ತಿರ ಅರ್ಧ ಜನ ಹಾಗೆ ಗುರುತು ಹಾಕಿದವರೇ. ಎಲಿಜಬೆತ್ತಳ ಕಾಲಕ್ಕೆ ಹೆಚ್ಚಿನವರಿಗೆ ಅಕ್ಷರ ಬಂದಿತ್ತು, ಅವಳ ತಾಯಿಗೆ ಬಂದಿತ್ತೋ ಇಲ್ಲವೋ. ಆ ‘ಅಮ್ಮನಿಂದ’ ಎನ್ನುವ ಬರಹ ಯಾರ ಕೈಯದು ಅಂತ ನೀವು ಕೇಳಿಕೊಳ್ಳಬೇಕು. ಮಕ್ಕಳ ಹೆಸರು ಬರೆದ ಕೈಯೇ ಅದನ್ನೂ ಬರೆದಿದ್ದರೆ ಮಗಳು ತಾನೇ ನೆನಪಿಗಾಗಿ ಬರೆದುಕೊಂಡಿದ್ದಾಳೆ. ವಯಸ್ಸಿನ ಕಾಲಂನಲ್ಲಿ ‘ಫುಲ್ ಏಜ್’ ಅಂತಿದ್ದರೆ 21 ದಾಟಿದೆ ಅಂತಷ್ಟೇ ಅರ್ಥ. 22 ಇರಬಹುದು, 40 ಇರಬಹುದು.

ಕಾರ್ನ್‌ವಾಲ್‌ನ ಗಣಿ ಕುಟುಂಬಗಳಲ್ಲಿ ಮೆಥಡಿಸ್ಟ್ ಎಂಬ ಪ್ರಾಟೆಸ್ಟೆಂಟ್ ಪಂಗಡದವರು ಜಾಸ್ತಿ. ಮದುವೆ ಮೆಥಡಿಸ್ಟ್ ಚಾಪೆಲ್‌ನಲ್ಲಿ ಆಗಿದ್ದರೆ ಊರಿನ ದೊಡ್ಡ ಚರ್ಚಿನ ಪುಸ್ತಕದಲ್ಲಿ ಸಿಗುವುದಿಲ್ಲ, ಸರ್ಕಾರದ ನೋಂದಣಿಯಲ್ಲೇ ನೋಡಬೇಕು. ದೀಕ್ಷಾಸ್ನಾನದ ದಾಖಲೆಗಳಿಗೆ ಕಾರ್ನ್‌ವಾಲ್ ಆನ್‌ಲೈನ್ ಪ್ಯಾರಿಷ್ ಕ್ಲರ್ಕ್ಸ್ ಅಂತ ಸ್ವಯಂಸೇವಕರ ಜಾಲತಾಣವಿದೆ. ತುಂಬಾ ಒಳ್ಳೆಯ ಕೆಲಸ ಮಾಡಿದ್ದಾರೆ, ಪುಕ್ಕಟೆ. ಮೂಲ ಪುಸ್ತಕಗಳು ಬೇಕಾದರೆ ರೆಡ್ರೂತ್‌ನಲ್ಲೇ ಕ್ರೆಸೆನ್ ಕರ್ನೋ ಎಂಬ ದಾಖಲೆಗಳ ಭಂಡಾರ ಇದೆ. 2019ರಲ್ಲಿ ತೆರೆದದ್ದು.

ತವರಿನ ಹೆಸರು ಗೊತ್ತಾದ ಮೇಲೆ ಹಿಂದಕ್ಕೆ ಹೋಗುವುದು ಸುಲಭ. 1881ರ ಗಣತಿಯಲ್ಲಿ ಆಕೆ ಹುಡುಗಿಯಾಗಿ ತಾಯಿಯ ಜೊತೆ ಸಿಗಬೇಕು. ತಾಯಿಯ ಕಸುಬಿನ ಕಾಲಂ ನೋಡಿ. ಖಾಲಿ ಇದ್ದರೆ ಆಕೆ ದುಡಿಯಲಿಲ್ಲ ಅಂತ ತಿಳಿಯಬೇಡಿ, ಹೆಂಗಸರ ದುಡಿಮೆಯನ್ನು ಬರೆಯದೆ ಬಿಟ್ಟದ್ದೇ ಜಾಸ್ತಿ. ‘ತವರದ ಅದಿರು ಸೋಸುವವಳು’, ‘ತಾಮ್ರದ ಅದಿರು ಕೆಲಸ’ ಅಂತ ಇದ್ದರೆ ಆಕೆ ಬಾಲ್ ಮೇಡನ್. ಬಾಲ್ ಅಂದರೆ ಕಾರ್ನಿಷ್ ಭಾಷೆಯಲ್ಲಿ ಗಣಿ. ಗಣಿಯ ಮೇಲ್ಗಡೆ, ಬಯಲಲ್ಲಿ ನಿಂತು ಸುತ್ತಿಗೆಯಿಂದ ಅದಿರು ಕುಟ್ಟುತ್ತಿದ್ದ ಹೆಂಗಸರು ಅವರು. ಅಂಥವಳ ಮಗಳು ಕೆಜಿಎಫ್ ಬಂಗಲೆಯಲ್ಲಿ ದೊರೆಸಾನಿ ಆಗಿ ಬಟ್ಲರ್ ಇಟ್ಟುಕೊಂಡಿದ್ದಳು ಅನ್ನುವುದು ನಡೆಯದ ಮಾತಲ್ಲ. ಒಂದು ತಲೆಮಾರಿನಲ್ಲಿ ಅಷ್ಟು ದೂರ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಹಿಂದೆ ಒಬ್ಬರಿಗಾಗಿ ಇಂಥದೇ ಹುಡುಕಾಟ ಮಾಡುವಾಗ ಹೆಸರು, ಊರು, ಹುಟ್ಟಿದ ವರ್ಷ ಎಲ್ಲ ಕೂಡಿಬಂದ ಒಂದು ಜನನ ದಾಖಲೆ ಸಿಕ್ಕಿತು. ಎಂಟು ತಿಂಗಳು ಆ ಮನೆತನದ ಹಿಂದೆ ಹೋದೆ. ಆಮೇಲೆ ಸಾವಿನ ಪಟ್ಟಿ ನೋಡಿದರೆ ಆ ಮಗು ಹುಟ್ಟಿ ಹನ್ನೊಂದು ವಾರಕ್ಕೇ ತೀರಿಕೊಂಡಿತ್ತು. ನಾವು ಹುಡುಕುತ್ತಿದ್ದವಳು ಎರಡು ಬೀದಿ ಆಚೆ ಹುಟ್ಟಿದ ಅದೇ ಹೆಸರಿನ ಇನ್ನೊಬ್ಬ ಹುಡುಗಿ. ಆ ಮನೆಯವರಿಗೆ ‘ಇದು ನಿಮ್ಮ ಅಜ್ಜಿಯ ತವರಲ್ಲ’ ಅಂತ ಹೇಳಬೇಕಾಯಿತು. ಆ ಫೋನ್ ಕರೆ ನನಗೆ ಇನ್ನೂ ನೆನಪಿದೆ. ಅವತ್ತಿನಿಂದ ಯಾವ ಜನನ ದಾಖಲೆ ಸಿಕ್ಕರೂ ಮೊದಲು ನೋಡುವುದು ಸಾವಿನ ಪಟ್ಟಿ. ಆ ಮಗು ಬೆಳೆದು ದೊಡ್ಡದಾಯಿತು ಅಂತ ಖಾತ್ರಿ ಮಾಡಿಕೊಂಡೇ ಮುಂದೆ ಹೆಜ್ಜೆ. ನೀವೂ ಹಾಗೇ ಮಾಡಿ. ಅಲ್ಲಿನ ಜನರಲ್ ರಿಜಿಸ್ಟರ್ ಆಫೀಸಿನ ಜಾಲತಾಣದಲ್ಲಿ ಖಾತೆ ತೆರೆದರೆ ಪಟ್ಟಿ ಪುಕ್ಕಟೆ ನೋಡಬಹುದು. ಜನನದ ಪಟ್ಟಿಯಲ್ಲಿ ತಾಯಿಯ ತವರಿನ ಹೆಸರು, ಸಾವಿನ ಪಟ್ಟಿಯಲ್ಲಿ ವಯಸ್ಸು, ಎರಡೂ 1837ರಿಂದಲೇ ಇವೆ. ತವರಿನ ಹೆಸರಿನ ಕಡೆ ಖಾಲಿ ಗೆರೆ ಇದ್ದರೆ ಸಾಮಾನ್ಯವಾಗಿ ಮದುವೆಯಾಗದ ತಾಯಿಯ ಮಗು.

ವಯಸ್ಸು ಎರಡು ಮೂರು ವರ್ಷ ಆಚೆ ಈಚೆ ಆದರೆ ಗಾಬರಿ ಬೇಡ. ಕಾಗದದಲ್ಲಿ ಜನ ಸುಳ್ಳು ಹೇಳಿದ್ದಾರೆ, ಅದಕ್ಕೆ ಕಾರಣಗಳೂ ಇದ್ದವು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಜೊತೆ ಗುಟ್ಟಾಗಿ ಸಂಬಂಧ ಇದ್ದ ನಟಿ ಎಲೆನ್ ಟರ್ನನ್ ಹುಟ್ಟಿದ್ದು 1839ರಲ್ಲಿ. ಡಿಕನ್ಸ್ ತೀರಿಕೊಂಡ ಮೇಲೆ, 1876ರಲ್ಲಿ ಮದುವೆಯಾದಳು. ವಯಸ್ಸನ್ನು ಹತ್ತು ವರ್ಷಕ್ಕೂ ಜಾಸ್ತಿ ಇಳಿಸಿಕೊಂಡು ಹೊಸ ಬದುಕು ಕಟ್ಟಿಕೊಂಡಳು. ಹಳೆಯ ಗುಟ್ಟನ್ನು ಬಿಟ್ಟುಕೊಟ್ಟ ಸುಳಿವುಗಳಲ್ಲಿ ಒಂದು ಯಾವುದು ಗೊತ್ತಾ? ಮನೆ ಕಂದಾಯದ ಪುಸ್ತಕ. ಡಿಕನ್ಸ್ ಟ್ರಿಂಗ್‌ಹ್ಯಾಮ್ ಎಂಬ ಸುಳ್ಳು ಹೆಸರಿನಲ್ಲಿ ಮನೆ ಹಿಡಿದು ಕಂದಾಯ ಕಟ್ಟಿದ್ದ. ಹೆಣ್ಣಿನ ಹೆಸರು ಎಲ್ಲೂ ಇಲ್ಲದಿದ್ದರೂ ಕಂದಾಯ ಕಟ್ಟಿದವನ ಹೆಸರಿನಿಂದ ಆಕೆ ಇದ್ದ ಮನೆ ಸಿಕ್ಕಿತು. ಪಕ್ಕದವರನ್ನು ಹುಡುಕಿ ಅಂದದ್ದು ಇದಕ್ಕೇ.

ಆಕೆ ಹೋದಮೇಲೆ ಏನಾದಳು ಅಂತ ಕೇಳಿದಿರಿ. ಸಾವಿನ ವರ್ಷ ಸಿಕ್ಕರೆ ಉಯಿಲಿನ ಪಟ್ಟಿ ನೋಡಿ. 1858ರಿಂದ ಇಡೀ ದೇಶಕ್ಕೆ ಒಂದೇ ಪಟ್ಟಿ. 1883ರ ಜನವರಿ 1ರಂದು ಕಾನೂನು ಬದಲಾಗುವವರೆಗೆ ಮದುವೆಯಾದ ಹೆಂಗಸಿನ ದುಡ್ಡು, ಒಡವೆ ಬಹುಮಟ್ಟಿಗೆ ಗಂಡನ ಸೊತ್ತಾಗಿತ್ತು, ಅವಳು ಉಯಿಲು ಬರೆಯಬೇಕಾದರೂ ಅವನ ಒಪ್ಪಿಗೆ ಬೇಕಿತ್ತು. ಆದ್ದರಿಂದ ಅದಕ್ಕೆ ಮುಂಚಿನ ಹೆಂಗಸರ ಉಯಿಲು ಅಂದರೆ ವಿಧವೆಯರದ್ದು, ಮದುವೆಯಾಗದವರದ್ದು. ನಿಮ್ಮ ಎಲಿಜಬೆತ್ ಆಮೇಲಿನವಳು, ಸಿಗುವ ಸಾಧ್ಯತೆ ಇದೆ. ವೆಸ್ಟ್ ಬ್ರಿಟನ್ ಎಂಬ ಕಾರ್ನ್‌ವಾಲ್ ಪತ್ರಿಕೆಯನ್ನೂ ನೋಡಿ. ಹೊರದೇಶಕ್ಕೆ ಹೋದ ಗಣಿಗಾರರ ಸುದ್ದಿ ಅದರಲ್ಲಿ ಬರುತ್ತಿತ್ತು. ಬ್ರಿಟನ್ನಿನಿಂದ ದೂರದ ದೇಶಗಳಿಗೆ ಹೊರಟ ಹಡಗುಗಳ ಪಟ್ಟಿ 1890ರಿಂದ ಉಳಿದಿದೆ. ಅದರಲ್ಲಿ ಹೆಚ್ಚಾಗಿ ಬರೀ ‘ಮಿಸೆಸ್’ ಮತ್ತು ಗಂಡನ ಹೆಸರು ಇರುತ್ತದೆ, ಗಂಡನ ಹೆಸರು ಸಿಕ್ಕಮೇಲೆಯೇ ಅದು ಉಪಯೋಗಕ್ಕೆ ಬರುವುದು.

ಕೊನೆಗೆ ಆ ಶಿಲುಬೆ ಗುರುತು. ಇದನ್ನು ಸುಮ್ನೆ ದಾಟಿಹೋಗಲು ನನಗೆ ಆಗುತ್ತಿಲ್ಲ. ಮಕ್ಕಳ ಹುಟ್ಟು ಬರೆದ ಬೈಬಲ್ಲನ್ನು ಯಾರೂ ಬಿಟ್ಟುಹೋಗುವುದಿಲ್ಲ, ಮಗಳಿಗೆ ಕೊಡುತ್ತಾರೆ. ಈಕೆ ನಿಮ್ಮ ಮುತ್ತಾತನಿಗೆ ಕೊಟ್ಟು ಹೋದಳು. ಆ ಮೂರನೆಯ ಮಗು ಇಲ್ಲೇ ತೀರಿಕೊಂಡಿದ್ದರೆ, ಇಲ್ಲೇ ಮಣ್ಣಾಗಿದ್ದರೆ, ಬೈಬಲ್ಲನ್ನೂ ಇಲ್ಲೇ ಬಿಡಲು ಅದು ಕಾರಣ ಇರಬಹುದೇ? ಇದು ನನ್ನ ಊಹೆ ಅಷ್ಟೇ. ಆದರೆ ಪರೀಕ್ಷೆ ಮಾಡಿ ನೋಡಬಹುದಾದ ಊಹೆ.

ಇಂಡಿಯಾದಲ್ಲಿದ್ದ ಬ್ರಿಟಿಷರ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ನಕಲನ್ನು ಚರ್ಚುಗಳು ಪ್ರತಿ ವರ್ಷ ಮೇಲಕ್ಕೆ ಕಳಿಸುತ್ತಿದ್ದವು. ಅವು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಇಂಡಿಯಾ ಆಫೀಸ್ ದಾಖಲೆಗಳ ಸಾಲಿನಲ್ಲಿವೆ. ನೀವು ಮೊದಲು ನೋಡಬೇಕಾದದ್ದು ‘ಎನ್/2’ ಅಂದರೆ ಮದ್ರಾಸ್ ಸಂಪುಟಗಳು. ಬಹಳಷ್ಟು ಫೈಂಡ್‌ಮೈಪಾಸ್ಟ್‌ನಲ್ಲಿ ಸಿಗುತ್ತವೆ. ಬ್ರಿಟಿಷ್ ಇಂಡಿಯಾದಲ್ಲಿದ್ದ ಕುಟುಂಬಗಳನ್ನು ಹುಡುಕಲು ನೆರವಾಗುವ ಫಿಬಿಸ್ ಎಂಬ ಸಂಸ್ಥೆಯ ಜಾಲತಾಣದಲ್ಲೂ ಪುಕ್ಕಟೆ ಹುಡುಕಬಹುದು. ಮಕ್ಕಳ ದೀಕ್ಷಾಸ್ನಾನದ ಸಾಲಿನಲ್ಲಿ ತಂದೆಯ ಕೆಲಸ ಬರೆದಿರುತ್ತಾರೆ. ಮೈನಿಂಗ್ ಕ್ಯಾಪ್ಟನ್ನೋ, ಎಂಜಿನ್ ಡ್ರೈವರೋ ಅಂತ ಆಗ ಗೊತ್ತಾಗುತ್ತದೆ. ಮೆಥಡಿಸ್ಟರ ವಿಷಯದಲ್ಲಿ ಈ ನಕಲುಗಳಲ್ಲಿ ಬಿಟ್ಟುಹೋದವು ಇವೆ. ಅಲ್ಲಿಲ್ಲ ಅಂದರೆ ಆಗಲೇ ಇಲ್ಲ ಅಂತ ಅಲ್ಲ.

ಅದಕ್ಕೆ ಬೇರೆ ಯಾರಿಗೂ ಆಗದ, ನಿಮಗೆ ಮಾತ್ರ ಆಗುವ ಒಂದು ಕೆಲಸ ಇದೆ. ನೀವು ಇದೇ ನಾಡಿನಲ್ಲಿದ್ದೀರಿ. ಕೆಜಿಎಫ್‌ನ ಹಳೆಯ ಯುರೋಪಿಯನ್ನರ ಸಮಾಧಿಗಳ ಕಡೆ ಒಂದು ಬೆಳಿಗ್ಗೆ ಹೋಗಿ. ಬಿಸಿಲು ಓರೆಯಾಗಿ ಬೀಳುವಾಗ ಸವೆದ ಅಕ್ಷರ ಎದ್ದು ಕಾಣುತ್ತದೆ. ಒಂದು ಬಾಟಲಿ ನೀರು, ಮೆತ್ತಗಿನ ಬ್ರಷ್ ಇಟ್ಟುಕೊಳ್ಳಿ. ಸೀಮೆಸುಣ್ಣ, ಆಸಿಡ್ ಬೇಡವೇ ಬೇಡ. ಸಣ್ಣ ಕಲ್ಲುಗಳನ್ನು ನೋಡಿ, ಮಕ್ಕಳದ್ದು ಚಿಕ್ಕದಿರುತ್ತದೆ. ಬೈಬಲ್ಲಿನ ಮೂರನೆಯ ಹೆಸರು ಬರೆದುಕೊಂಡು ಹೋಗಿ. ಸಿಕ್ಕರೆ ಆ ಕಲ್ಲಿನ ಮೇಲೆ ಅಪ್ಪ ಅಮ್ಮನ ಹೆಸರು ಪೂರ್ತಿ ಇರುವ ಸಾಧ್ಯತೆ ಇದೆ. ಹಾಗಾದರೆ ನಾನು ಮೇಲೆ ಬರೆದ ಅರ್ಧ ದಾರಿ ನಿಮಗೆ ಒಂದೇ ಬೆಳಿಗ್ಗೆಯಲ್ಲಿ ಮುಗಿಯುತ್ತದೆ. ಫೋಟೊ ತೆಗೆದು ಬೈಬಲ್ಲಿನ ಹಾಳೆಗಳ ಜೊತೆ ನನಗೂ ಕಳಿಸಿ. ರೆಡ್ರೂತ್ ಜಿಲ್ಲೆಯ ಪಟ್ಟಿಯನ್ನು ನಿಮ್ಮ ಜೊತೆ ನಾನೂ ಕೂತು ನೋಡುತ್ತೇನೆ.